ಅಂಚಿನ ಅರಿಶಿನ

ಫುಟ್‌ಬಾಲ್ ಆಟ ನನಗೆ ಅಷ್ಟಕ್ಕಷ್ಟೇ. ಇಪ್ಪತ್ತೆರಡು ಜನ ಒಂದೇ ಚೆಂಡಿಗೆ ಯಾಕೆ ಬಡಿದಾಡಬೇಕು, ತಲೆಗೊಂದು ಕೊಡಿಸಿದರೆ ಆಗದೇ ಎಂದು ಕೇಳಿ ಮಗಳಿಂದ ಬೈಸಿಕೊಂಡವನು ನಾನು. ಆದರೆ ಫುಟ್‌ಬಾಲ್ ಜರ್ಸಿಯ ಬಗ್ಗೆ ಕೇಳಿ ನೋಡಿ, ಗಲ್ಲಾ ಬಿಟ್ಟು ಎದ್ದು ಬಂದು ಮಾತಾಡುತ್ತೇನೆ. ಈ ಚಳಿಗಾಲದಲ್ಲಿ ನನ್ನ ಮನೆಯ ನೆಮ್ಮದಿ ಹಾಳು ಮಾಡಿದ್ದು ಅದೇ ದರಿದ್ರ ಜರ್ಸಿ.

ದಿಲ್ಲಿಯ ಸರೋಜಿನಿ ನಗರದ ಮಾರ್ಕೆಟ್ಟಿನ ಹಿಂದಿನ ರಸ್ತೆಯಲ್ಲಿ ನಮ್ಮ ಹೋಟೆಲ್. ಕುಂದಾಪುರದಿಂದ ಬಂದ ನನ್ನ ಅಪ್ಪ ಶುರು ಮಾಡಿದ್ದು. ಕೆಳಗೆ ಊಟ ತಿಂಡಿ, ಮೇಲೆ ಒಂದು ಹಾಲ್, ಅದರ ಮೇಲೆ ನಮ್ಮ ಮನೆ. ಮಗಳು ನಿಶ್ಮಿತಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿ ತೆಗೆದರೆ ಮಾತ್ರ ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತಾಳೆ. ಅವಳಿಗೆ ಕಾಲೇಜಿನ ದಿನಗಳಿಂದ ದಿಲ್ಲಿ ಚೀಲ್ಸ್ ಎಂಬ ಕ್ಲಬ್ಬಿನ ಹುಚ್ಚು. ಚೀಲ್ ಅಂದರೆ ಹದ್ದು. ಜರ್ಸಿಯ ಎದೆಯ ಮೇಲೆ ರೆಕ್ಕೆ ಬಿಚ್ಚಿದ ಹದ್ದಿನ ಗುರುತು. ಪಂದ್ಯದ ದಿನ ಅಭಿಮಾನಿಗಳ ದಂಡು ನಮ್ಮ ಹಾಲಿನಲ್ಲಿ ಸೇರಿ, ಮಸಾಲೆ ದೋಸೆ ತಿಂದು, ಡೋಲು ಹೊತ್ತುಕೊಂಡು ಸ್ಟೇಡಿಯಮ್ಮಿಗೆ ಹೋಗುತ್ತದೆ. ಅವರ ಗುಂಪಿನ ಪುಟ ನಡೆಸುವವಳು, ವಿಡಿಯೋ ಹಾಕುವವಳು ನಿಶ್ಮಿತಾ.

ಈ ವರ್ಷ ಆ ಹಾಲಿನಲ್ಲಿ ಆಟದ ಮಾತೇ ಇಲ್ಲ, ಬರೀ ಬಟ್ಟೆಯ ಮಾತು. ದ್ವಾರಕಾ ಬಡಾವಣೆಯ ಪವನ್ ಎಂಬ ನಮ್ಮ ಕಡೆಯ ಹುಡುಗ ಒಂದು ದಿನ ಜರ್ಸಿ ಬಿಚ್ಚಿ ನನ್ನ ಗಲ್ಲಾದ ಮೇಲೆ ಹರವಿದ.

“ನೋಡಿ ಅಂಕಲ್, ಹದ್ದಿಗೆ ಒಂದೇ ರೆಕ್ಕೆ. ಇನ್ನೊಂದು ವಾಷಿಂಗ್ ಮಷೀನಲ್ಲಿ ಹಾರ್ಕೊಂಡು ಹೋಯ್ತು. ಹೋದ ವರ್ಷದ್ದು ಒಗೆದೂ ಒಗೆದೂ ನನಗೇ ಬೇಜಾರಾಯ್ತು, ಅದಕ್ಕೆ ಏನೂ ಆಗ್ಲಿಲ್ಲ.”

“ಕುತ್ತಿಗೆ ಹತ್ರ ತುರಿಸುತ್ತೆ,” ಎಂದ ಇನ್ನೊಬ್ಬ. “ಬೆವರು ಹೀರೋದೇ ಇಲ್ಲ, ಪ್ಲಾಸ್ಟಿಕ್ ಚೀಲ ಹಾಕ್ಕೊಂಡ ಹಾಗೆ,” ಎಂದಳು ಮತ್ತೊಬ್ಬಳು. ಮೂಲೆಯಲ್ಲಿ ಕೂತಿದ್ದ ಹಿರಿಯ ಅಭಿಮಾನಿಯೊಬ್ಬರು ಮಾತ್ರ, ಜರ್ಸಿ ಕೊಳ್ಳುವುದು ಕ್ಲಬ್ಬಿಗೋಸ್ಕರ, ಬಟ್ಟೆಗೋಸ್ಕರ ಅಲ್ಲ ಎಂದು ಹಿಂದಿಯಲ್ಲಿ ಗೊಣಗಿದರು. ಎಲ್ಲರೂ ಅವರ ಮೇಲೆ ಮುಗಿಬಿದ್ದರು. ಎದುರಿನ ಗಲ್ಲಿಯಲ್ಲಿ ಭಯ್ಯಾ ಗುಡ್ಡೆ ಹಾಕಿ ಮಾರುವ ನಕಲಿ ಜರ್ಸಿಯ ಹದ್ದು ಇನ್ನೂ ಗಟ್ಟಿಯಾಗಿ ಕೂತಿದೆ, ಅಸಲಿ ಕೊಂಡವರು ಮೂರ್ಖರೇ ಎಂದು ಕೂಗಾಡಿದರು.

ಆ ಮಾತು ನನ್ನ ಮಗಳಿಗೆ ಚುಚ್ಚಿತು. ಯಾಕೆಂದರೆ ನಕಲಿ ಕೊಳ್ಳಬೇಡಿ, ಅಸಲಿ ಕೊಂಡರೆ ಕ್ಲಬ್ ಉಳಿಯುತ್ತದೆ ಎಂದು ಎರಡು ವರ್ಷದಿಂದ ಬಾಯಿ ಬಡಿದುಕೊಂಡವಳು ಅವಳೇ. ಅವಳ ಮಾತು ನಂಬಿ ಎಷ್ಟೋ ಮಕ್ಕಳು ಪಾಕೆಟ್ ಮನಿ ಕೂಡಿಸಿ ಕೊಂಡಿದ್ದರು. ಕ್ಲಬ್ಬಿಗೆ ಬರೆದು ಬರೆದು ಸೋತಳು. “ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ” ಎಂಬ ಒಂದೇ ಉತ್ತರ ಬರುತ್ತಿತ್ತು.

ಅಷ್ಟರಲ್ಲಿ ಆ ಕಲೆ ಬಂತು.

ಹೊರ ಊರಿನ ಪಂದ್ಯಕ್ಕೆ ಹಾಕುವ ಬಿಳಿ ಜರ್ಸಿಯನ್ನು ಅವಳು ಡಿಸೆಂಬರಿನಲ್ಲಿ ತರಿಸಿದ್ದಳು. ಒಂದೇ ಸಲ ಹಾಕಿಕೊಂಡಿದ್ದು, ಅದೂ ಚಳಿಗೆ ದಪ್ಪ ಜಾಕೆಟ್ಟಿನ ಒಳಗೆ. ಮೊದಲ ಸಲ ಮಷೀನಿಗೆ ಹಾಕಿ ತೆಗೆದರೆ ಬೆನ್ನಿನ ಕಡೆ ಕೆಳ ಅಂಚಿನ ಒಳಗೆ ಹೆಬ್ಬೆರಳಗಲದ ಕೆಂಪು ಕಲೆ. ಒದ್ದೆ ಜರ್ಸಿಯನ್ನೇ ಹಿಡಿದು ವಿಡಿಯೋ ಮಾಡಿದಳು. ಕಲೆ ತೋರಿಸಿದಳು, ಲೇಬಲ್ಲಿನ ಪಕ್ಕದ ‘ಪಾಸ್’ ಚೀಟಿ ತೋರಿಸಿದಳು. ಇಂಥ ಬಟ್ಟೆಯನ್ನು ಯಾವ ಕುರುಡ ಪಾಸ್ ಮಾಡಿದ್ದು ಎಂದು ಕೇಳಿದಳು. ಯಾರೋ ಒಬ್ಬರು ಹಲ್ದಿ, ಅಂದರೆ ಅರಿಶಿನ, ಇರಬೇಕು ನೋಡಮ್ಮ ಎಂದು ಬರೆದಿದ್ದರಂತೆ. ಅಂಚಿನ ಒಳಗೆ ಕೂತು ಯಾರು ಊಟ ಮಾಡ್ತಾರೆ ಅಂಕಲ್ ಎಂದು ಇವಳು ಬರೆದ ಉತ್ತರಕ್ಕೇ ಸಾವಿರಾರು ಜನ ನಕ್ಕರು. ಹದ್ದು ಕಿತ್ತುಹೋದದ್ದಕ್ಕೆ ತಿರುಗಿ ನೋಡದವರು ಕೆಂಪು ಕಲೆಗೆ ಹುಚ್ಚೆದ್ದರು. ಸ್ಟೇಡಿಯಮ್ಮಿನಲ್ಲಿ ಜರ್ಸಿ ತಿರುವಿ ಹಿಡಿದು ಕೂಗಿದರು. ಕ್ಲಬ್ಬಿನ ಮ್ಯಾನೇಜರು ಕೊನೆಗೂ ಬಗ್ಗಿದ. ಭಾನುವಾರ ನಿಮ್ಮ ಹಾಲಿಗೇ ಬರುತ್ತೇನೆ, ಬಟ್ಟೆ ಹೊಲಿಸಿದ ಕಾರ್ಖಾನೆಯ ತಪಾಸಣೆಯವರನ್ನೂ ಕರೆಸುತ್ತೇನೆ, ಕೂತು ಮಾತಾಡೋಣ ಎಂದ.

ನಾನು ಮೀಸೆ ತಿರುವಿದೆ. ಸುಳ್ಳು ಯಾಕೆ ಹೇಳಲಿ, ಬಂದ ಗಿರಾಕಿಗಳಿಗೆಲ್ಲ ವಿಡಿಯೋ ತೋರಿಸಿದೆ. ಹೆಂಡತಿ ಉಮಾವತಿ ಮಾತ್ರ ಯಾಕೋ ಮಂಕಾಗಿದ್ದಳು. ಚಳಿಗೆ ಮಂಡಿ ನೋವಿರಬೇಕು ಎಂದುಕೊಂಡೆ.

ಮೀಟಿಂಗಿಗೆ ಒಂದು ವಾರ ಇರುವಾಗ ಉತ್ತಯ್ಯನವರು ಬಂದರು. ವಿರಾಜಪೇಟೆ ಕಡೆಯವರು, ಸೇನೆಯಲ್ಲಿ ಸುಬೇದಾರರಾಗಿ ನಿವೃತ್ತಿಯಾಗಿ, ಮಾನೇಸರದ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿ ದಿಲ್ಲಿಯಲ್ಲೇ ಉಳಿದವರು. ಪ್ರತಿ ಭಾನುವಾರ ಇಸ್ತ್ರಿ ಶರ್ಟು ಹಾಕಿ ಬಂದು ಕಿಟಕಿ ಪಕ್ಕದ ಮೇಜಿನಲ್ಲಿ ಕೂರುತ್ತಾರೆ. ಅವತ್ತು ದೋಸೆ ಬೇಡವೆಂದರು.

“ಏನು ಸುಬೇದಾರ್ರೇ, ಹೊಟ್ಟೆ ಸರಿ ಇಲ್ವಾ?”

“ಕಣ್ಣು ಸರಿ ಇಲ್ಲ ಶೆಟ್ರೇ,” ಎಂದರು. “ಆ ಕೆಂಪು ಕಲೆ ಜರ್ಸಿ ಇದೆಯಲ್ಲ, ಅದರ ಮೇಲಿನ ಚೀಟಿ ನಂಬರ್ ನಂದು.”

ನಾನು ಅವರ ಎದುರಿನ ಕುರ್ಚಿ ಎಳೆದು ಕೂತೆ. ಅವರದು ಬಟ್ಟೆ ಕಾರ್ಖಾನೆ ಎಂದು ಗೊತ್ತಿತ್ತು. ಅಲ್ಲಿ ಈ ಜರ್ಸಿಯೇ ಹೊಲಿಯುತ್ತಾರೆಂದು, ಕೊನೆಯ ತಪಾಸಣೆ ಇವರದೇ ಎಂದು ಯಾರಿಗೆ ಗೊತ್ತು?

“ಮೀಟಿಂಗ್ ಆಗೋವರೆಗೆ ಮನೇಲಿರಿ ಅಂದಿದ್ದಾರೆ. ಹೆಂಡತಿ ಕುಸುಮನ ಹತ್ರ ಇನ್ನೂ ಹೇಳಿಲ್ಲ. ಹೋದ ವರ್ಷ ಪೊರೆ ಆಪರೇಷನ್ ಆಯ್ತಲ್ಲ, ಡಾಕ್ಟ್ರು ಎಲ್ಲಾ ಸರಿ ಇದೆ ಅಂದ್ರು. ಆದ್ರೆ ಅಷ್ಟು ದೊಡ್ಡ ಕಲೆ ಕಾಣ್ಲಿಲ್ಲ ಅಂದ್ರೆ ಏನರ್ಥ? ಈಗ ಬಸ್ ನಂಬರ್ ಕೂಡ ಎರಡೆರಡು ಸಲ ಓದ್ತೀನಿ. ನಂಬಿಕೆನೇ ಹೋಗಿಬಿಟ್ಟಿದೆ.”

“ಅಲ್ರೀ, ಆ ಹದ್ದು ಕಿತ್ತು ಬರುತ್ತಲ್ಲ, ಅದೂ ನಿಮ್ಮ ಕಣ್ಣಿನ ತಪ್ಪಾ?” ಎಂದು ನಾನು ಒರಟಾಗಿಯೇ ಕೇಳಿದೆ.

ಅವರು ಕಾಫಿ ಲೋಟವನ್ನು ಬಟ್ಟಲಿನಲ್ಲಿ ಎರಡು ಸುತ್ತು ತಿರುಗಿಸಿದರು. “ಅದು ಬೇರೆ ವಿಷಯ,” ಎಂದಷ್ಟೇ ಹೇಳಿದರು. ಹೋಗುವಾಗ ನಿಶ್ಮಿತಾ ಮೆಟ್ಟಿಲ ಮೇಲೆ ಎದುರಾದಳು. “ಮಗಳೇ, ನೀನು ಕೇಳಿದ್ದು ಸರಿಯಾಗೇ ಇದೆ. ಕುರುಡ ನಾನೇ,” ಎಂದು ಅವಳ ತಲೆ ಮುಟ್ಟಿ ಇಳಿದು ಹೋದರು. ಹುಡುಗಿ ಅಲ್ಲೇ ಗೋಡೆ ಹಿಡಿದು ನಿಂತಳು.

ಮರುದಿನದಿಂದ ನಮ್ಮ ಮನೆಯಲ್ಲಿ ಅನ್ನ ರುಚಿಸಲಿಲ್ಲ.

ಭಾನುವಾರ ಬಂತು. ಮೀಟಿಂಗಿಗೆ ಬರುವವರ ಎದುರು ಚೆನ್ನಾಗಿ ಕಾಣಲೆಂದು ನಾನೊಂದು ಹೊಸ ಶರ್ಟು ತಂದಿದ್ದೆ. ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಉಮಾ ಅದನ್ನು ಮಂಚದ ಮೇಲೆ ಇಟ್ಟಿದ್ದಳು. ಹಾಕಿಕೊಳ್ಳುವ ಮುಂಚೆ ಅಭ್ಯಾಸಬಲದಿಂದ ಅಂಚು ತಿರುವಿ ನೋಡಿದೆ. ಏನೂ ಇರಲಿಲ್ಲ.

ನಮ್ಮಲ್ಲಿ ಹೊಸ ಬಟ್ಟೆಯನ್ನು ಹಾಗೇ ಮೈಗೆ ಹಾಕುವುದಿಲ್ಲ. ಅಂಚಿಗೆ ಒಂದು ಬೊಟ್ಟು ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ಆಮೇಲೆ ತೊಡುವುದು. ನನ್ನ ಅಮ್ಮ ಹಚ್ಚುತ್ತಿದ್ದರು. ಮದುವೆಯಾದ ಮೇಲೆ ಉಮಾ ಒಂದು ಕರ್ಚೀಫನ್ನೂ ಬಿಟ್ಟವಳಲ್ಲ.

“ಅರಿಶಿನ ಎಲ್ಲೇ?” ಎಂದೆ.

ಅವಳು ಮಂಚದ ಹೊದಿಕೆ ಸರಿಪಡಿಸತೊಡಗಿದಳು.

“ನಿನ್ನನ್ನೇ ಕೇಳಿದ್ದು. ಡಬ್ಬ ಖಾಲಿಯಾಗಿದ್ರೆ ಕೆಳಗೆ ಅಡಿಗೆಮನೇಲಿ ಮೂಟೆ ಇದೆ. ಹೊಸ ಶರ್ಟಿಗೆ ಯಾಕೆ ಹಚ್ಚಿಲ್ಲ?”

“ಇನ್ನು ಮೇಲೆ ಹಚ್ಚಲ್ಲ ನಾನು,” ಎಂದಳು. ಅಷ್ಟು ಹೇಳಿದ್ದೇ ಸೆರಗು ಬಾಯಿಗಿಟ್ಟುಕೊಂಡು ಅಳಲು ಶುರು ಮಾಡಿದಳು.

ಆಗ ನನ್ನ ದಪ್ಪ ತಲೆಗೆ ಹೊಳೆಯಿತು. ಅರಿಶಿನಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆ. ಬಟ್ಟೆ ಒಗೆಯುವ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿರುವ ವಿಷಯ. ಹೋಟೆಲಿನಲ್ಲಿ ದಿನಾ ಸಾಂಬಾರಿನ ಕಲೆ ನೋಡುವ ನನಗೂ ಗೊತ್ತು. ಗೊತ್ತಿದ್ದೂ ಹೊಳೆದಿರಲಿಲ್ಲ. ಯಾಕೆಂದರೆ ಮಗಳ ಬಟ್ಟೆಗೆ ಅರಿಶಿನ ಹಚ್ಚುವುದನ್ನು ಉಮಾ ಎಂದೋ ಬಿಟ್ಟಿದ್ದಾಳೆಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ಹುಡುಗಿಯರು ಇವಳ ಯೂನಿಫಾರ್ಮ್ ನೋಡಿ ‘ಹಲ್ದಿ ಹಲ್ದಿ’ ಎಂದು ರೇಗಿಸಿ, ಇವಳು ಅತ್ತುಕೊಂಡು ಬಂದು, ಇನ್ನು ನನ್ನ ಬಟ್ಟೆ ಮುಟ್ಟಿದರೆ ನೋಡು ಎಂದು ಅಮ್ಮನಿಂದ ಆಣೆ ಹಾಕಿಸಿಕೊಂಡಿದ್ದಳು.

“ಬಿಟ್ಟಿರ್ಲಿಲ್ಲ ರೀ,” ಎಂದಳು ಉಮಾ. “ಯಾರಿಗೂ ಕಾಣದ ಹಾಗೆ, ಅಂಚಿನ ಒಳಗಡೆ ಹಚ್ತಿದ್ದೆ. ಹೇಗೂ ಅವಳ ಬಟ್ಟೆ ನಾನೇ ಕೈಯಲ್ಲಿ ತಿಕ್ಕಿ ಬಿಸಿಲಿಗೆ ಹಾಕ್ತಿದ್ದೆ, ಹೋಗ್ಬಿಡ್ತಿತ್ತು. ಈ ಸಲ ಅವಳೇ ಮಷೀನಿಗೆ ಹಾಕಿದ್ಲು. ವಿಡಿಯೋ ನೋಡಿದ ಕೂಡ್ಲೇ ಗೊತ್ತಾಯ್ತು ನನಗೆ. ಅಷ್ಟು ಜನ ಅವಳ ಮಾತು ಕೇಳ್ತಿದ್ರು, ಎಷ್ಟು ಖುಷಿಯಾಗಿದ್ಲು. ಹೇಗೆ ಹೇಳ್ಲಿ? ಉತ್ತಯ್ಯಣ್ಣನ ತಲೆಗೆ ಬರುತ್ತೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ.”

ನನಗೆ ಅವಳ ಮೇಲೆ ಸಿಟ್ಟು ಬಂತು, ಅಯ್ಯೋ ಎನಿಸಿತು, ಎರಡೂ ಒಟ್ಟಿಗೆ. ನಿಶ್ಮಿತಾಳನ್ನು ಕರೆದು ಕೂರಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಮುಖ ಮೊದಲು ಕೆಂಪಾಯಿತು, ಆಮೇಲೆ ಬಿಳಿಚಿಕೊಂಡಿತು.

“ಮಮ್ಮಿ, ನೀನು ಪ್ರಾಮಿಸ್ ಮಾಡಿದ್ದೆ.”

“ಹೊಸ ಬಟ್ಟೆ ಬರೀದಾಗಿ ಹಾಕ್ಬಾರ್ದು ಮಗಾ...”

“ಅದನ್ನೆಲ್ಲ ಆಮೇಲೆ ಜಗಳ ಆಡಿ,” ಎಂದೆ ನಾನು. “ಈಗ ಮೀಟಿಂಗಲ್ಲಿ ಎದ್ದು ನಿಜ ಹೇಳು. ಮುಗೀತು.”

“ಮುಗಿಯಲ್ಲ ಪಪ್ಪಾ! ನೀವು ಸಮಝ್ತಾನೇ ಇಲ್ಲ. ಹದ್ದು ಕಿತ್ತುಹೋಗೋದು ನಿಜ. ಹೊಲಿಗೆ ಬಿಡೋದು ನಿಜ. ಈ ಒಂದು ಕಲೆ ಸುಳ್ಳು ಅಂತ ನಾನೇ ಹೇಳಿದ್ರೆ ಅವ್ರು ಎಲ್ಲಾನೂ ಸುಳ್ಳು ಅಂತಾರೆ. ಎಲ್ರೂ ನಗ್ತಾರೆ. ನನ್ನ ಮಾತು ಕೇಳಿ ಜರ್ಸಿ ತಗೊಂಡವ್ರಿಗೆ ಏನು ಸಿಗುತ್ತೆ? ಅಂಕಲ್‌ಗೆ ನಾನು ಆಮೇಲೆ ಅಲಗ್ ಆಗಿ, ಒಬ್ರಿಗೇ ಹೇಳ್ತೀನಿ, ಸಾರಿ ಕೇಳ್ತೀನಿ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕೋದು ಅಂದ್ರೆ ಇದೇ ನೋಡು! ಆ ಮನುಷ್ಯ ತನ್ನ ಕಣ್ಣೇ ಹೋಯ್ತು ಅಂತ ಕೂತಿದ್ದಾನಲ್ಲೇ!”

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅವಳು ಹೇಳಿದ್ದರಲ್ಲೂ ನ್ಯಾಯವಿತ್ತು, ಅದೇ ಸಂಕಟ. ಕೆಳಗಿನಿಂದ ಡೋಲಿನ ಸದ್ದು ಕೇಳಿಸಿತು. ಜನ ಬರತೊಡಗಿದ್ದರು. ನಿನ್ನ ಮನಸ್ಸಿಗೆ ಬಂದ ಹಾಗೆ ಮಾಡು ಎಂದು ನಾನು ಅರಿಶಿನವಿಲ್ಲದ ಶರ್ಟನ್ನೇ ಹಾಕಿಕೊಂಡು ಇಳಿದೆ.

ಹಾಲ್ ತುಂಬಿತ್ತು. ಕಿತ್ತ ಹದ್ದುಗಳು, ಬಿಟ್ಟ ಹೊಲಿಗೆಗಳು ಮೇಜಿನ ಮೇಲೆ ರಾಶಿ ಬಿದ್ದಿದ್ದವು. ಮ್ಯಾನೇಜರು ಮೂವತ್ತರ ಚುರುಕು ಹುಡುಗ, ನಗುನಗುತ್ತಲೇ ಇದ್ದ. ಆ ರಾಶಿಯ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ. ಉತ್ತಯ್ಯನವರು ಕೋಟು ಹಾಕಿ, ಗಡ್ಡ ಹೆರೆದು, ಕೊನೆಯ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಉಮಾ ಬಾಗಿಲ ಹತ್ತಿರ ಕಾಫಿ ತಟ್ಟೆ ಹಿಡಿದು ನಿಂತವಳು ಅಲ್ಲಿಂದ ಅಲುಗಲಿಲ್ಲ.

ಯಾರೂ ಕರೆಯುವ ಮೊದಲೇ ಉತ್ತಯ್ಯನವರು ಎದ್ದರು. “ಕಲೆ ಬಿದ್ದ ಜರ್ಸಿ ನಾನು ಪಾಸ್ ಮಾಡಿದ್ದು. ಕಾರ್ಖಾನೆಯವರನ್ನು ದೂರಬೇಡಿ. ನನ್ನ ಕಣ್ಣು ತಪ್ಪಿತು,” ಎಂದು ಹಿಂದಿಯಲ್ಲಿ ಹೇಳಿದರು.

ಮ್ಯಾನೇಜರಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. “ನೋಡಿ, ಒಬ್ಬ ಹಿರಿಯರ ಕಣ್ಣಿನ ದೋಷ. ಅವರೇ ಒಪ್ಪಿಕೊಂಡರು, ಅವರ ಜಾಗಕ್ಕೆ ಬೇರೆಯವರು ಬರುತ್ತಾರೆ. ಬಟ್ಟೆಯಲ್ಲಿ ದೋಷವಿಲ್ಲ ಎಂದಾಯಿತಲ್ಲ, ಚಲೋ, ವಿಷಯ ಮುಗಿಯಿತು,” ಎಂದು ಫೋನ್ ಜೇಬಿಗೆ ಹಾಕಿಕೊಂಡ. ಹದ್ದಿನ ಮಾತೇ ಇಲ್ಲ! ಮೇಜಿನ ಮೇಲಿನ ರಾಶಿಯೆಲ್ಲ ಆ ಮನುಷ್ಯನ ಎರಡು ಕಣ್ಣಿನೊಳಗೆ ಹೋಗಿ ಬಿತ್ತು. ನಿಶ್ಮಿತಾ ದಂಗಾಗಿ ನಿಂತಿದ್ದಳು.

“ಒಂದು ವಿನಂತಿ,” ಎಂದರು ಉತ್ತಯ್ಯ. “ಆ ಕಲೆಯನ್ನು ನಾನು ಒಂದು ಸಲ ನೋಡಬೇಕು.”

ಅವಳು ಪ್ಲಾಸ್ಟಿಕ್ ಕವರಿನಿಂದ ಜರ್ಸಿ ತೆಗೆದುಕೊಟ್ಟಳು. ಅವರು ಕಿಟಕಿಯ ಬೆಳಕಿಗೆ ಹಿಡಿದು ಅಂಚು ತಿರುವಿದರು. ಒಣಗಿದ ಮೇಲೆ ಕೆಂಪು ಇಳಿದು ಕಲೆ ಮಾಸಲು ಹಳದಿಗೆ ತಿರುಗಿತ್ತು. ಅದರ ಮೇಲೆ ಹೆಬ್ಬೆರಳು ಆಡಿಸಿದರು. ತಲೆ ಎತ್ತಿ ಬಾಗಿಲಲ್ಲಿ ನಿಂತ ಉಮಾಳನ್ನು ನೋಡಿದರು. ಅವಳ ಕೈಯ ಲೋಟಗಳು ಗಲಗಲ ಎನ್ನುತ್ತಿದ್ದವು, ಕಣ್ಣು ತುಂಬಿತ್ತು. ಅವರ ಮುಖದಲ್ಲಿ ಒಂದು ಗಳಿಗೆ ಎಂಥ ಬೆಳಕು ಬಂತು ಅಂತೀರಿ! ಕಣ್ಣು ಹೋಗಿಲ್ಲ ಎಂದು ಗೊತ್ತಾದವನ ಮುಖ ಅದು. ನನಗಿನ್ನು ಇವರು ಬಾಯಿ ಬಿಡುತ್ತಾರೆ ಎನಿಸಿತು.

ಅವರು ಜರ್ಸಿಯನ್ನು ಕಲೆ ಒಳಗೆ ಬರುವಂತೆ ಮಡಿಸಿದರು. “ಹೌದು. ನೂಲಿನ ಬಣ್ಣ ಬಿಟ್ಟಿದೆ. ನಾನೇ ನೋಡಲಿಲ್ಲ,” ಎಂದರು.

ನಾನು ಬಾಯಿ ತೆರೆಯುವ ಮುಂಚೆ ನಿಶ್ಮಿತಾ ಜರ್ಸಿಯನ್ನು ಅವರ ಕೈಯಿಂದ ಕಿತ್ತುಕೊಂಡಳು.

“ಅಂಕಲ್, ಸಾಕು. ಯಾಕೆ ಸುಳ್ಳು ಹೇಳ್ತೀರ?” ಎಂದು ಕನ್ನಡದಲ್ಲಿ ಅಂದು, ಎಲ್ಲರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು: “ಇದು ಹಲ್ದಿ. ನನ್ನ ಅಮ್ಮ ಹಚ್ಚಿದ್ದು. ನಮ್ಮಲ್ಲಿ ಹೊಸ ಬಟ್ಟೆಗೆ ಹಚ್ಚುತ್ತಾರೆ, ಒಳ್ಳೆಯದಾಗಲಿ ಅಂತ. ಸೋಪಿಗೆ ಕೆಂಪಾಯಿತು. ಬಟ್ಟೆಯ ತಪ್ಪಲ್ಲ, ಇವರ ತಪ್ಪೂ ಅಲ್ಲ. ನನಗೆ ಇವತ್ತು ಬೆಳಿಗ್ಗೆ ಗೊತ್ತಾಯಿತು. ಆದರೂ ಸುಮ್ಮನಿದ್ದೆ.”

ಎಲ್ಲಿಂದಲೋ ಒಬ್ಬ ಕಿಸಕ್ಕೆಂದ. ಇಡೀ ಹಾಲ್ ನಕ್ಕಿತು. ಯಾರೋ ‘ಹಲ್ದಿ, ಹಲ್ದಿ’ ಎಂದರು, ಡೋಲಿನವನು ಅದಕ್ಕೆ ತಾಳ ಹಾಕಿದ. ಹತ್ತು ವರ್ಷದ ಹಿಂದೆ ಇವಳನ್ನು ಅಳಿಸಿದ್ದ ಅದೇ ಮಾತು. ಉಮಾ ತಟ್ಟೆಯನ್ನು ಅಲ್ಲೇ ನೆಲಕ್ಕಿಟ್ಟು ಮೆಟ್ಟಿಲೇರಿ ಹೋಗಿಬಿಟ್ಟಳು. ಮ್ಯಾನೇಜರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, “ಹಾಗಾದರೆ ದೂರು ವಾಪಸ್ಸು ತಾನೇ?” ಎಂದ.

“ಆ ಒಂದು ವಾಪಸ್,” ಎಂದಳು ನನ್ನ ಮಗಳು. ಗಲ್ಲ ಅದುರುತ್ತಿತ್ತು, ದನಿ ಮಾತ್ರ ಗಟ್ಟಿ. ಪವನನ ಒಂಟಿ ರೆಕ್ಕೆಯ ಹದ್ದನ್ನು ಎತ್ತಿ ಉತ್ತಯ್ಯನವರ ಮುಂದೆ ಹಿಡಿದಳು. “ಅಂಕಲ್, ಇದಕ್ಕೂ ನಿಮ್ಮ ಚೀಟಿ ಇದೆ. ಇದನ್ನೂ ನೀವು ನೋಡ್ಲಿಲ್ವಾ?”

ನಗು ನಿಂತಿತು.

ಉತ್ತಯ್ಯನವರು ಆ ಜರ್ಸಿಯನ್ನು ತುಂಬ ಹೊತ್ತು ಹಿಡಿದುಕೊಂಡರು. ಅದು ಬೇರೆ ವಿಷಯ ಎಂದು ಅವತ್ತು ಲೋಟ ತಿರುಗಿಸಿದ್ದು ನನಗೆ ನೆನಪಾಯಿತು.

“ನೋಡಿದೆ,” ಎಂದು ಮ್ಯಾನೇಜರ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು. “ಅಂಟು ಹಿಡಿಯುವುದಿಲ್ಲ ಎಂದು ಮೊದಲ ದಿನವೇ ಫೇಲ್ ಮಾಡಿದೆ. ಪಂದ್ಯ ಶುರುವಾಗುತ್ತೆ, ಕಳಿಸಿ ಅಂದರು. ಮತ್ತೆ ಫೇಲ್ ಮಾಡಿದೆ. ಕ್ಲಬ್ಬಿನವರೇ ಒಪ್ಪಿದ್ದಾರೆ, ನೀವು ಚೀಟಿ ಹಾಕಿ ಅಂದರು. ಆರ್ಡರ್ ಅಂದರೆ ಆರ್ಡರ್ ಎಂದು ಹಾಕಿದೆ. ನನ್ನ ಕಣ್ಣು ಸರಿಯಾಗಿದೆ ಸಾಹೇಬರೇ. ನಾಲಿಗೆ ತಪ್ಪಿತ್ತು.”

ಮ್ಯಾನೇಜರ ಮುಖ ಸುಟ್ಟ ದೋಸೆಯಂತಾಯಿತು. ಮೇಲಿನವರ ಜೊತೆ ಮಾತಾಡಿ ತಿಳಿಸುತ್ತೇನೆಂದು ಗೊಣಗಿ ಎದ್ದು ಹೋದ. ಹುಡುಗರು ಚಪ್ಪಾಳೆ ತಟ್ಟಿದರು, ಡೋಲು ಬಡಿದರು. ಉತ್ತಯ್ಯನವರು ಕಾಫಿ ಮುಗಿಸುವ ಮುಂಚೆಯೇ ಅವರ ಫೋನ್ ಬಡಿದುಕೊಂಡಿತು. ಕೇಳಿಸಿಕೊಂಡು, ಅಚ್ಛಾ ಎಂದು ಇಟ್ಟರು. ನಾಳೆಯಿಂದ ಬರುವುದು ಬೇಡವಂತೆ.

ಹದ್ದು ಕಿತ್ತ ಜರ್ಸಿಗಳನ್ನು ಬದಲಾಯಿಸಿಕೊಡುತ್ತೇವೆಂದು ಕ್ಲಬ್ಬು ಆಮೇಲೆ ಹೇಳಿತು. ಇನ್ನೂ ಕೊಟ್ಟಿಲ್ಲ. ನಿಶ್ಮಿತಾಳ ಪುಟದ ಕೆಳಗೆ ಇವತ್ತಿಗೂ ಜನ ಹಳದಿ ಬೊಟ್ಟು ಹಾಕಿ ಹೋಗುತ್ತಾರೆ. ಮನೆಯಲ್ಲಿ ತಾಯಿ ಮಗಳ ನಡುವೆ ಊಟಕ್ಕೆ ಬಾ, ಬಂದೆ, ಅಷ್ಟೇ ಮಾತು. ಅರಿಶಿನದ ಡಬ್ಬ ದೇವರ ಗೂಡಿನಿಂದ ಎಲ್ಲಿಗೆ ಹೋಯಿತೋ ನಾನು ಕೇಳಲಿಲ್ಲ.

ಎರಡು ಭಾನುವಾರ ಬಿಟ್ಟು ಉತ್ತಯ್ಯನವರು ಬಂದರು. ಕೈಯಲ್ಲಿ ಮಾರ್ಕೆಟ್ಟಿನ ಚೀಲ, ಒಳಗೆ ನೀಲಿ ಶರ್ಟು. ಚಾಣಕ್ಯಪುರಿಯ ಒಂದು ದೊಡ್ಡ ಮನೆಗೆ ಗೇಟಿನ ಕಾವಲಿಗೆ ಜನ ಬೇಕಂತೆ, ಮಧ್ಯಾಹ್ನ ಬರಹೇಳಿದ್ದಾರಂತೆ. ಸುಬೇದಾರರಾಗಿದ್ದ ಮನುಷ್ಯ, ಈ ವಯಸ್ಸಿಗೆ ಗೇಟು ತೆಗೆಯಲು ಹೊರಟಿದ್ದರು. ನನಗೆ ಮುಖ ಕೊಟ್ಟು ಮಾತಾಡಲಾಗಲಿಲ್ಲ.

ಅವರು ಶರ್ಟನ್ನು ಉಮಾಳ ಮುಂದೆ ಇಟ್ಟರು. “ತಂಗೀ, ಹೊಸದು. ಒಂದು ಬೊಟ್ಟು ಹಚ್ಚಿಕೊಡಿ.”

ಉಮಾ ಕೈ ಹಿಂದಕ್ಕೆ ಎಳೆದುಕೊಂಡಳು. “ಬೇಡ ಅಣ್ಣ. ನನ್ನ ಅರಿಶಿನದಿಂದ ನಿಮಗಾದದ್ದು ಸಾಕು.”

ಪಕ್ಕದ ಮೇಜಿನಲ್ಲಿದ್ದ ನಿಶ್ಮಿತಾ ಧಡಕ್ಕನೆ ಎದ್ದು ಮೇಲೆ ಹೋದಳು. ಇವಳಿಗೆ ಇಷ್ಟೂ ಮನುಷ್ಯತ್ವ ಇಲ್ಲವೇ ಎಂದು ನನಗೆ ರೇಗಿತು, ಕರೆದು ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಇಳಿದು ಬಂದಳು. ಕೈಯಲ್ಲಿ ಅರಿಶಿನದ ಡಬ್ಬ. ಅಮ್ಮ ಎಲ್ಲಿ ಅಡಗಿಸಿಟ್ಟಿದ್ದಾಳೆ ಎಂದು ಅವಳಿಗೆ ಗೊತ್ತಿತ್ತು. ಮುಚ್ಚಳ ತೆಗೆದು ಅಮ್ಮನ ಮುಂದೆ ಹಿಡಿದಳು.

“ಹಚ್ಚಮ್ಮ,” ಎಂದಳು. “ಒಳಗೆ ಬೇಡ. ಕಾಣೋ ಹಾಗೆ ಹಚ್ಚು.”

“ಅಯ್ಯೋ, ಒಳಗೇ ಇರಲಿ ಮಗಳೇ,” ಎಂದರು ಉತ್ತಯ್ಯ. “ಮೇಲೆ ಕಂಡ್ರೆ ನಾನೇ ಫೇಲ್ ಮಾಡಿಬಿಡ್ತೀನಿ.”

ಯಾರಿಗೂ ನಗು ಬರಲಿಲ್ಲ. ಉಮಾ ಅಂಚು ತಿರುವಿ ಹಚ್ಚಿದಳು, ಬೊಟ್ಟು ಸ್ವಲ್ಪ ಹರಡಿತು. ನಿಶ್ಮಿತಾ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಅಳುತ್ತಿದ್ದಳು. ನನಗೆ ಅಲ್ಲಿ ನಿಲ್ಲಲಾಗದೆ, ಚಟ್ನಿಗೆ ಯಾರೂ ಉಪ್ಪು ಹಾಕಿಲ್ಲ ಎಂದು ಕೂಗುತ್ತಾ ಅಡಿಗೆಮನೆಗೆ ಹೋದೆ. ಚಟ್ನಿ ಸರಿಯಾಗಿಯೇ ಇತ್ತು.